ಶ್ರೀಶೈಲದ ಕಾಲ್ನಡಿಗೆಗೆ ಬುತ್ತಿ ಕಟ್ಟುವ ಮುನ್ನ

ಯುಗಾದಿ ಹತ್ತಿರ ಬಂತೆಂದರೆ ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಸೀಮೆಯ ಭಕ್ತರು ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ಆತ್ಮಕೂರಿನವರೆಗೆ ಊಟದ ಚಿಂತೆ ಕಡಿಮೆ. ದಾರಿಯುದ್ದಕ್ಕೂ ಊರುಗಳಿವೆ, ದಾಸೋಹಗಳಿವೆ. ಮುಂದೆ ವೆಂಕಟಾಪುರ ದಾಟಿ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೈಲಾಸದ್ವಾರ ಎಲ್ಲವೂ ಏರಿಳಿತದ ಕಲ್ಲುಹಾದಿ. ಅಲ್ಲೂ ದಾಸೋಹ ನಡೆಯುತ್ತದೆ, ಆದರೆ ನಿಮಗೆ ಹಸಿವಾದ ಕಡೆಯಲ್ಲೇ ಸಿಗಬೇಕಲ್ಲ. ಹೆಗಲ ಚೀಲದಲ್ಲಿ ಎರಡು ದಿನದ ಬುತ್ತಿ ಇರಲೇಬೇಕು.

ಮೊದಲು ತೂಕ ಹಾಕಿ. ಒಬ್ಬರಿಗೆ ದಿನಕ್ಕೆ ಖಡಕ್ ರೊಟ್ಟಿ 300 ಗ್ರಾಂ, ಅವಲಕ್ಕಿ 150 ಗ್ರಾಂ, ಹುರಿದ ಶೇಂಗಾ 100 ಗ್ರಾಂ, ಬೆಲ್ಲ 100 ಗ್ರಾಂ. ಒಟ್ಟು 650 ಗ್ರಾಂ. ಸುಮಾರು 2,500 ಕ್ಯಾಲರಿ. ಇಷ್ಟೇ ಶಕ್ತಿಯನ್ನು ಅನ್ನದಿಂದ ಪಡೆಯಲು ಹೋದರೆ ಸುಮಾರು ಎರಡು ಕಿಲೋ ಹೊರಬೇಕು, ಏಕೆಂದರೆ ಅನ್ನದಲ್ಲಿ ಹೆಚ್ಚಿನದು ನೀರೇ. ಬುತ್ತಿ ಆರಿಸುವಾಗ ನೋಡಬೇಕಾದದ್ದು ಇದನ್ನೇ: ನೀರಿನಂಶ ಕಡಿಮೆಯಿದ್ದಷ್ಟೂ ಹೆಗಲಿಗೆ ಹಗುರ, ಬಿಸಿಲಿಗೆ ಕೆಡುವ ಭಯವೂ ಕಡಿಮೆ. ಮೊಸರನ್ನ, ಚಿತ್ರಾನ್ನವನ್ನು ಹೊರಟ ದಿನ ಬೆಳಿಗ್ಗೆಯೇ ಉಂಡು ಮುಗಿಸಿ. ಮಂಡಕ್ಕಿ ಹಗುರ ನಿಜ, ಆದರೆ ಚೀಲವನ್ನೆಲ್ಲ ತುಂಬಿಕೊಳ್ಳುತ್ತದೆ.

ರೊಟ್ಟಿಯನ್ನು ಎರಡು ದಿನ ಮುಂಚೆ ತಟ್ಟಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಬಿಸಿ ಪೂರ್ತಿ ಆರಿದ ಮೇಲೆಯೇ ಬಟ್ಟೆಯಲ್ಲಿ ಸುತ್ತಬೇಕು. ಬೆಚ್ಚಗಿರುವಾಗ ಕಟ್ಟಿದರೆ ಒಳಗೆ ಬೆವೆತು ಬೂಸ್ಟು ಹಿಡಿಯುತ್ತದೆ. ಜೊತೆಗೆ ಶೇಂಗಾ ಅಥವಾ ಗುರೆಳ್ಳು ಚಟ್ನಿಪುಡಿ ಇರಲಿ. ಹಸಿ ಕೊಬ್ಬರಿ ಹಾಕಬೇಡಿ, ಬೇಗ ಮುಗ್ಗಲು ವಾಸನೆ ಬರುತ್ತದೆ. ಕಹಿಯಾದ, ಕಪ್ಪಾದ, ಬೂಸ್ಟು ಹಿಡಿದ ಶೇಂಗಾ ಕಾಳನ್ನು ಹುರಿಯುವ ಮುನ್ನವೇ ಆರಿಸಿ ಎಸೆಯಿರಿ. ಅದರಲ್ಲಿರುವ ವಿಷ ಹುರಿದರೂ ಹೋಗುವುದಿಲ್ಲ.

ಹುರುಳಿ ಚಟ್ನಿಪುಡಿಯನ್ನೂ ಒಮ್ಮೆ ಮಾಡಿ ನೋಡಿ. 1960ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜ ರಾವ್ ಅವರು ತೆಕ್ಕಲಕೋಟೆಯ ಗುಡ್ಡಗಳಲ್ಲಿ ಅಗೆಸಿದಾಗ ನವಶಿಲಾಯುಗದ ಜನರ ನೆಲೆಯಲ್ಲಿ ಹುರುಳಿ ಸಿಕ್ಕಿತ್ತು. ಇದೇ ನೆಲದ ಅಷ್ಟು ಹಳೆಯ ಕಾಳನ್ನು ಬಿಟ್ಟು ಅಂಗಡಿಯ ಬಿಸ್ಕತ್ತಿಗೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ನಡೆಯುವಾಗ ಹೊಟ್ಟೆ ತುಂಬ ಉಣ್ಣಬೇಡಿ. ಪುಠಾಣಿ, ಶೇಂಗಾ, ಬೆಲ್ಲ ಕೈಗೆ ಸಿಗುವ ಜೇಬಿನಲ್ಲಿರಲಿ. ಗಂಟೆಗೊಮ್ಮೆ ಒಂದು ಹಿಡಿ ಸಾಕು. ರೊಟ್ಟಿಯೂಟ ನೆರಳಲ್ಲಿ ಕೂತಾಗ. ಅವಲಕ್ಕಿಯನ್ನು ಕುಡಿಯುವ ನೀರಲ್ಲೇ ನೆನೆಸಬೇಕು. ಕೆರೆಯ ನೀರಾದರೆ ಕುದಿಸದೆ ಬಳಸಬೇಡಿ.

ಮಾರ್ಚ್, ಏಪ್ರಿಲ್ ಬಿಸಿಲಿಗೆ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಒಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಟೀ ಚಮಚವೇ ಆಗಿರಲಿ. ಉಪ್ಪು ಹೆಚ್ಚಾದರೆ ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಬೆಲ್ಲ, ಉಪ್ಪಿನ ಅಳತೆಯನ್ನು ವೈದ್ಯರಲ್ಲಿ ಕೇಳಿಕೊಂಡೇ ಹೊರಡಬೇಕು.

ಒಂದೊಂದು ದಿನದ ಬುತ್ತಿಯನ್ನು ಬೇರೆ ಬೇರೆ ಬಟ್ಟೆಚೀಲದಲ್ಲಿ ಕಟ್ಟಿದರೆ ಮೊದಲ ದಿನವೇ ಎಲ್ಲ ಖಾಲಿಯಾಗದು. ನಲ್ಲಮಲ ಹುಲಿ ಸಂರಕ್ಷಿತ ಕಾಡು. ಪ್ಲಾಸ್ಟಿಕ್ ಪೊಟ್ಟಣ ಅಲ್ಲಿ ಬೀಳಬಾರದು. ಖಾಲಿ ಪೊಟ್ಟಣ ಹಾಕಿಕೊಳ್ಳಲು ಒಂದು ಚೀಲವನ್ನು ಹೊರಡುವಾಗಲೇ ಎತ್ತಿಡಿ.