ಹುಳು ಮನೆಗೆ ಫೋನ್ ಬಂತು



ನಾವು ರೇಷ್ಮೆ ಹುಳು ಸಾಕುವುದನ್ನು ಎಲ್ಲಿ ಕಲಿತೆವು? ಶಾಲೆಯಲ್ಲಿ ಅಲ್ಲ. ಅತ್ತೆ ಮಾಡುವುದನ್ನು ನೋಡಿ ಕಲಿತೆವು. ಪಕ್ಕದ ಮನೆಯವರನ್ನು ಕೇಳಿ ಕಲಿತೆವು. ಬೆಳೆ ಕೈಕೊಟ್ಟಾಗ ಪೆಟ್ಟು ತಿಂದು ಕಲಿತೆವು.

ಈಗ ಫೋನ್ ಬಂದಿದೆ. ಯೂಟ್ಯೂಬಿನಲ್ಲಿ ಹುಳು ಸಾಕುವುದನ್ನು ತೋರಿಸುತ್ತಾರೆ. ವಾಟ್ಸಾಪಿನಲ್ಲಿ ಮಾತು ಕಳಿಸಬಹುದು, ಫೋಟೋ ಕಳಿಸಬಹುದು. ಕೆಲಸ ಮಾಡುವ ಜಾಗದಲ್ಲೇ ಪಾಠ ಸಿಗುತ್ತದೆ. ಇದು ಒಳ್ಳೆಯದು. ಆದರೆ ಎಚ್ಚರವೂ ಬೇಕು. ಏಕೆ? ನಮ್ಮ ಕಲಿಕಾ ಕೇಂದ್ರದ ಒಬ್ಬ ತಂಗಿಯ ಕತೆ ಕೇಳಿ.

ಅದು ಮಳೆಗಾಲ. ಅವಳ ಹುಳು ನಾಲ್ಕನೇ ಜ್ವರ ಎದ್ದಿತ್ತು. ಇನ್ನೊಂದು ವಾರ ಸೊಪ್ಪು ತಿಂದರೆ ಹಣ್ಣಾಗುತ್ತಿತ್ತು. ಚಂದ್ರಿಕೆ ತೊಳೆದು ಇಟ್ಟಿದ್ದಳು. ರಾತ್ರಿ ಮಗನ ಫೋನಿನಲ್ಲಿ ಒಂದು ವಿಡಿಯೊ ನೋಡಿದಳು. ‘ಹುಳು ಮನೆ ತಂಪಾಗಿರಬೇಕು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ’ ಎಂದು ಅದರಲ್ಲಿ ಹೇಳಿದರು. ಬೆಳಿಗ್ಗೆ ಎದ್ದವಳೇ ಹಾಗೇ ಮಾಡಿದಳು.

ಮೂರ್ನಾಲ್ಕು ದಿನ ಕಳೆಯಿತು. ಹುಳು ಸೊಪ್ಪು ಬಿಟ್ಟವು. ಕೆಲವು ಸತ್ತು ಸೆಟೆದವು. ಆಮೇಲೆ ಸೀಮೆಸುಣ್ಣದ ಹಾಗೆ ಬೆಳ್ಳಗಾದವು. ಸುಣ್ಣಕಟ್ಟು ರೋಗ!

ತಂಗಿ ಅಳುತ್ತಾ ಕೇಂದ್ರಕ್ಕೆ ಬಂದಳು. ನಾವು ಹುಳುವಿನ ಫೋಟೋ ತೆಗೆದು ರೇಷ್ಮೆ ಇಲಾಖೆಯ ಅಧಿಕಾರಿಗೆ ಕಳಿಸಿದೆವು. ಸ್ವಲ್ಪ ಹೊತ್ತಿಗೆ ಅವರ ದನಿ ಬಂತು.

“ಅಮ್ಮಾ, ಮೊದಲು ಒದ್ದೆ ಚೀಲ ತೆಗೀರಿ. ಕಿಟಕಿ ತೆರೀರಿ, ಗಾಳಿ ಆಡಲಿ. ಸತ್ತ ಹುಳ ಬೆಳ್ಳಗಾಗೋ ಮೊದಲೇ ಆರಿಸಿ ಸುಟ್ಟುಬಿಡಿ. ಹುಳದ ಮೇಲೆ ಅರಳಿದ ಸುಣ್ಣದ ಒಣ ಪುಡಿ ಉದುರಿಸಿ. ಒದ್ದೆ ಸೊಪ್ಪು ಹಾಕಬೇಡಿ. ನಾಳೆ ನಾನೇ ಬರ್ತೀನಿ.”

ತಂಗಿ ಆ ಮಾತನ್ನು ನಾಲ್ಕು ಸಲ ಕೇಳಿಸಿಕೊಂಡಳು. ಹಾಗೇ ಮಾಡಿದಳು. ಅರ್ಧ ಬೆಳೆ ಹೋಯಿತು. ಅರ್ಧ ಉಳಿಯಿತು. ಸೊಪ್ಪಿನ ಸಾಲ ಮಾತ್ರ ಪೂರ್ತಿ ಉಳಿಯಿತು.

ವಿಡಿಯೊ ಸುಳ್ಳು ಹೇಳಿತ್ತೆ? ಇಲ್ಲ. ಬೇಸಿಗೆಯಲ್ಲಿ ಬಿಸಿಲು ಹೆಚ್ಚು, ಗಾಳಿ ಒಣ. ಆಗ ಒದ್ದೆ ಗೋಣಿಚೀಲ ಬೇಕು. ಮಳೆಗಾಲದಲ್ಲಿ ಗಾಳಿಯೇ ತೇವ. ತೇವದ ಮೇಲೆ ತೇವ ಸೇರಿದರೆ ಬೂಷ್ಟು ಬೆಳೆಯುತ್ತದೆ. ಸುಣ್ಣಕಟ್ಟು ರೋಗ ಬರುವುದು ಒಂದು ಬಗೆಯ ಬೂಷ್ಟಿನಿಂದಲೇ.

ನಾವು ಆ ವಿಡಿಯೊ ಮತ್ತೆ ನೋಡಿದೆವು. ಕೆಳಗೆ ದಪ್ಪ ಅಕ್ಷರದಲ್ಲಿ ‘ಬೇಸಿಗೆ ಬೆಳೆಗೆ’ ಎಂದು ಬರೆದಿತ್ತು.

“ಇದನ್ನು ಓದಲಿಲ್ಲವೇನಮ್ಮ?” ಎಂದೆವು.

ಅವಳು ತಲೆ ತಗ್ಗಿಸಿದಳು. “ಓದೋಕೆ ಬರ್ತಿತ್ತು ಟೀಚರ್. ಓದಬೇಕು ಅಂತ ಅನ್ನಿಸಲಿಲ್ಲ. ಅವರು ಬಾಯಲ್ಲೇ ಹೇಳ್ತಿದ್ರಲ್ಲ” ಎಂದಳು.

ಅವಳೊಬ್ಬಳ ಮಾತಲ್ಲ ಇದು. ಫೋನ್ ಮಾತಾಡುತ್ತದೆ, ಅಕ್ಷರ ಯಾಕೆ ಅಂತ ನಮಗೂ ಎಷ್ಟೋ ಸಲ ಅನ್ನಿಸುತ್ತದೆ. ಆದರೆ ಆ ಎರಡು ಪದ ಓದಿದ್ದರೆ ಅರ್ಧ ಬೆಳೆ ಉಳಿಯುತ್ತಿತ್ತು.

ಫೋನಿನಿಂದ ಕಲಿಯುವಾಗ ನೆನಪಿಡೋಣ:

1. ಹೇಳುವವರು ಯಾರು? ಹುಳು ಸಾಕಿದವರೇ? ಇಲಾಖೆಯವರೇ? ಔಷಧಿ ಮಾರುವವರೇ?

2. ಯಾವ ಊರಿನ, ಯಾವ ಕಾಲದ ಮಾತು? ಮೇಲೆ ಕೆಳಗೆ ಬರೆದಿದ್ದನ್ನು ಓದೋಣ.

3. ಗೊತ್ತಿಲ್ಲದಿದ್ದರೆ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳೋಣ. ಅನುಭವ ಇರುವ ಅತ್ತೆಯನ್ನೂ ಕೇಳೋಣ.

4. ಕಲಿತದ್ದನ್ನು ತಾರೀಖು ಹಾಕಿ ಪುಸ್ತಕದಲ್ಲಿ ಬರೆಯೋಣ. ಫೋನ್ ಮಗನ ಜೊತೆ ಪೇಟೆಗೆ ಹೋಗುತ್ತದೆ. ಪುಸ್ತಕ ಮನೆಯಲ್ಲೇ ಇರುತ್ತದೆ.

ಗೂಡು ಮಾರುವಲ್ಲೂ ಫೋನ್ ಬಂದಿದೆ. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಈಗ ಆನ್‌ಲೈನ್ ಹರಾಜು. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಆ ಖಾತೆ ಯಾರ ಹೆಸರಲ್ಲಿದೆ? ಹುಳು ಸಾಕಿದವಳ ಹೆಸರಲ್ಲಿದೆಯೆ? ಮನೆಯಲ್ಲಿ ಕೇಳಿ ನೋಡಿ. ಇನ್ನೊಂದು ಮಾತು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಪಿನ್ ಕೇಳಿದರೆ ಅದು ಮೋಸ. ಮೋಸವಾದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಆ ತಂಗಿ ಮುಂದಿನ ಬೆಳೆಗೆ ಮತ್ತೆ ಮೊಟ್ಟೆ ತಂದಳು. ಈಗ ಹುಳು ಮನೆಯ ಬಾಗಿಲ ಹಿಂದೆ ಒಂದು ಪುಸ್ತಕ ನೇತುಹಾಕಿದ್ದಾಳೆ. ಅದರ ಮೊದಲ ಸಾಲು ಅವಳದೇ ಕೈಬರಹ: ‘ಮಳೆಗಾಲ. ಒದ್ದೆ ಚೀಲ ಬೇಡ.’

ಓದಿ, ಹೇಳಿ

1. ಹುಳು ಬೆಳ್ಳಗಾಗಿದ್ದು ಏಕೆ?

2. ಅಧಿಕಾರಿ ಹೇಳಿದ ಐದು ಕೆಲಸ ಯಾವುವು?

3. ನಿಮ್ಮ ಮನೆಯಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ? ದಿನಕ್ಕೆ ಅರ್ಧ ಗಂಟೆ ನಿಮಗೆ ಸಿಗಲು ಏನು ಮಾಡಬಹುದು? ಕೂಡಿ ಮಾತಾಡಿ.

ಬರೆಯಿರಿ

ಈ ವಾರ ನಿಮ್ಮ ಕೆಲಸದಲ್ಲಿ ಹೊಸದಾಗಿ ಕಲಿತ ಒಂದು ಮಾತು. ಯಾರಿಂದ ಕಲಿತಿರಿ ಎಂಬುದನ್ನೂ ಬರೆಯಿರಿ.