ಪ್ರಾಣಿಗಳ ಚಲನೆಯೂ ಗಣಕದ ಕಣ್ಣೂ

ಗೂಡಿನ ಮೇಲೆ ಓಡಾಡುವ ಹತ್ತಾರು ಕಣಜಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ಅವರು ಅನುಸರಿಸಿದ ಉಪಾಯ ಬಲು ಸರಳವಾದುದು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆಗಳನ್ನಿಟ್ಟು, ಗೂಡಿನೆದುರು ಕುಳಿತು, ಅದರ ನಡವಳಿಕೆಯನ್ನು ಬರೆದುಕೊಳ್ಳುವುದೇ ಆ ಉಪಾಯ. ಜೇನ್ನೊಣಗಳ ಕುಣಿತದ ಅರ್ಥವನ್ನು ಬಿಡಿಸಿ, 1973ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರರಾದ ಕಾರ್ಲ್ ಫಾನ್ ಫ್ರಿಶ್ ಅವರೂ ಬಣ್ಣದ ಚುಕ್ಕೆಗಳನ್ನೇ ನೆಚ್ಚಿದ್ದರು.

ನರವಿಜ್ಞಾನಕ್ಕೆ ಇಷ್ಟು ಸಾಲದು. ಮಿದುಳಿನ ನರಕೋಶವೊಂದರ ಮಿಡಿತವು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲದಲ್ಲಿ ಮುಗಿದುಹೋಗುತ್ತದೆ. ಆ ಮಿಡಿತಕ್ಕೂ ಇಲಿಯು ಮುಂಗಾಲೆತ್ತುವುದಕ್ಕೂ ಸಂಬಂಧವುಂಟೇ ಎಂದು ಅರಿಯಬೇಕಾದರೆ, ಯಾವ ಗಳಿಗೆಯಲ್ಲಿ ಕಾಲು ಎಲ್ಲಿತ್ತೆಂಬುದು ಖಚಿತವಾಗಿ ತಿಳಿದಿರಬೇಕು. ಸೆಕೆಂಡಿಗೆ 100 ಚಿತ್ರಗಳಂತೆ ಒಂದು ಗಂಟೆ ಚಿತ್ರೀಕರಿಸಿದರೆ 3,60,000 ಚಿತ್ರಗಳಾಗುತ್ತವೆ. ಅವೆಲ್ಲವನ್ನೂ ಕೈಯಿಂದ ಅಳೆಯುವುದು ಯಾರಿಂದ ಸಾಧ್ಯ?

ಈ ಕೆಲಸವನ್ನು ಗಣಕಯಂತ್ರಕ್ಕೆ ಕಲಿಸುವ ತಂತ್ರಾಂಶಗಳು ಈಗ ಬಂದಿವೆ. ಮೆಕೆಂಜಿ ಮಾಥಿಸ್, ಅಲೆಕ್ಸಾಂಡರ್ ಮಾಥಿಸ್ ಮೊದಲಾದವರು 2018ರಲ್ಲಿ ಪ್ರಕಟಿಸಿದ 'ಡೀಪ್‌ಲ್ಯಾಬ್‌ಕಟ್' ಇವುಗಳಲ್ಲಿ ಪ್ರಸಿದ್ಧವಾದುದು. ಮನುಷ್ಯನು ಸುಮಾರು 200 ಚಿತ್ರಗಳಲ್ಲಿ ಮೂತಿ, ಕಿವಿ, ಬಾಲದ ಬುಡಗಳನ್ನು ಗುರುತು ಮಾಡಿಕೊಟ್ಟರೆ, ಉಳಿದ ಚಿತ್ರಗಳಲ್ಲಿ ಯಂತ್ರವೇ ಅವನ್ನು ಹುಡುಕುತ್ತದೆ. ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಿಂದ ಬಂದ 'ಲೀಪ್' ಎಂಬ ತಂತ್ರಾಂಶವು ಹಣ್ಣುನೊಣದ ಮೈಮೇಲಿನ 32 ಬಿಂದುಗಳನ್ನು ಹಿಂಬಾಲಿಸಬಲ್ಲದು. ಅದನ್ನು ರಚಿಸಿದವರಲ್ಲಿ ಟಾಲ್ಮೊ ಪೆರೇರಾ ಅವರ ಜೊತೆಗೆ ಡಿಯೇಗೊ ಅಲ್ಡರಾಂಡೊ ಎಂಬ ಪದವಿ ತರಗತಿಯ ವಿದ್ಯಾರ್ಥಿಯೂ ಇದ್ದುದು ನಮ್ಮಂಥವರು ಗಮನಿಸತಕ್ಕ ಸಂಗತಿ.

ಆದರೆ ಯಂತ್ರವೂ ಎಡವುತ್ತದೆ. ಬಿಳೇಕಹಳ್ಳಿಯ ಬಳಿ ಬನ್ನೇರುಘಟ್ಟ ರಸ್ತೆಯಲ್ಲಿ ಒಂದೇ ಬಣ್ಣದ ಎರಡು ಆಟೋಗಳು ಬಸ್ಸಿನ ಮರೆಗೆ ಹೋಗಿ ಹೊರಬಂದರೆ, ಮೊದಲು ಕಂಡದ್ದು ಯಾವುದೆಂದು ಹೇಳಬಲ್ಲೆವೇ? ಎರಡು ಇಲಿಗಳು ಮೈಗೆ ಮೈ ತಾಗಿಸಿ ಹಾದುಹೋದಾಗ ಯಂತ್ರಕ್ಕೂ ಇದೇ ಗೊಂದಲ. ಒಂದರ ಹೆಸರು ಇನ್ನೊಂದಕ್ಕೆ ಅಂಟಿತೆಂದರೆ, ಔಷಧ ಕೊಟ್ಟ ಇಲಿಯ ನಡೆಯನ್ನು ಕೊಡದ ಇಲಿಯದೆಂದು ಬಗೆಯಬೇಕಾಗುತ್ತದೆ. ಅಳತೆ ತಪ್ಪಿದಲ್ಲಿ ಮಿದುಳಿನ ಬಗೆಗಿನ ತೀರ್ಮಾನವೂ ತಪ್ಪುವುದು. ಆದ್ದರಿಂದ ಯಂತ್ರವು ಕಲಿಯುವಾಗ ನೋಡಿರದ ಚಿತ್ರಗಳಲ್ಲಿ ಅದನ್ನು ಪರೀಕ್ಷಿಸಿ, ತಪ್ಪಿದೆಡೆಗಳನ್ನು ತಿದ್ದಿ ಮತ್ತೆ ಕಲಿಸುವುದು ಅವಶ್ಯಕ.

ಪ್ರಯೋಗಶಾಲೆಯ ಹೊರಗೆ ಕಷ್ಟ ಇನ್ನೂ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್ ಅವರ ತಂಡವು ಕೃಷ್ಣಮೃಗಗಳ ಹಿಂಡುಗಳನ್ನು ಡ್ರೋನಿನಿಂದ ಚಿತ್ರೀಕರಿಸಿತು. ಮೇಲಿನಿಂದ ನೋಡಿದರೆ ಹುಲ್ಲು, ಪೊದೆಗಳ ನಡುವೆ ಜಿಂಕೆಯ ಮೈಬಣ್ಣ ನೆಲದಲ್ಲಿ ಕರಗಿಹೋಗುತ್ತದೆ. ಇಂಥ ಹಿನ್ನೆಲೆಯಲ್ಲಿಯೂ ಪ್ರಾಣಿಯನ್ನು ಗುರುತಿಸುವುದಕ್ಕಾಗಿ ಆ ತಂಡದವರು 'ಮೋಥ್' ಎಂಬ ತಂತ್ರಾಂಶವನ್ನು ರಚಿಸಿ, ಗೂಡಿನ ಮೇಲಿನ ಕಣಜಗಳ ಚಿತ್ರಗಳಲ್ಲಿಯೂ ಅದನ್ನು ಪರೀಕ್ಷಿಸಿದರು. ಚುಕ್ಕೆಯಿಟ್ಟು ನೋಡುತ್ತಿದ್ದ ಕಣಜವನ್ನು ಗಣಕವೂ ನೋಡತೊಡಗಿತು.

ಇದರಲ್ಲಿ ಕಲಾ ವಿಭಾಗದ ನಮಗೇನು ಕೆಲಸವೆಂದು ಕೆಲವರು ಕೇಳಬಹುದು. ಈ ತಂತ್ರಾಂಶಗಳು ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದಂಥವು. ಅವುಗಳಿಗೆ ಬೆಲೆ ತೆರಬೇಕಾಗಿಲ್ಲ. ಯಂತ್ರವು ಬಿಂದುಗಳನ್ನು ಕೊಡುತ್ತದೆಯೇ ಹೊರತು ಅರ್ಥವನ್ನಲ್ಲ. 'ಹೆದರಿತು', 'ಹಿಂಜರಿಯಿತು', 'ಹುಡುಕಿತು' ಎಂಬ ಮಾತುಗಳು ಯಾವ ಚಲನೆಗೆ ಸಲ್ಲುತ್ತವೆಂದು ನಿಷ್ಕರ್ಷಿಸುವುದು ಮನುಷ್ಯನ ಹೊಣೆ. ಮಾತನ್ನು ತೂಗಿ ಬಳಸುವ ಅಭ್ಯಾಸವುಳ್ಳವರಿಗೆ ಆ ಹೊಣೆಯಲ್ಲಿ ಪಾಲುಂಟು. ಮೊದಲ ಚಿತ್ರದಲ್ಲಿ ಮೊದಲ ಚುಕ್ಕೆಯನ್ನು ಸರಿಯಾದ ಜಾಗದಲ್ಲಿ ಇಡುವುದಕ್ಕಂತೂ ದೊಡ್ಡ ಪದವಿ ಬೇಕಾಗಿಲ್ಲ. ಬೇಕಾದುದು ತಾಳ್ಮೆ ಮತ್ತು ಪ್ರಾಮಾಣಿಕತೆ.