ಕಾಲುವೆಯ ದೋಣಿಯಲ್ಲಿ ಏಳು ದಿನ: ಹೊರಡುವ ಮುನ್ನ ಕಲಿಯತಕ್ಕ ಪಾಠ



ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ನಾಲ್ವರು ಗೆಳೆಯರು ಬರುವ ವರ್ಷ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಕಾಲುವೆಯಲ್ಲಿ ಬಾಡಿಗೆಯ ದೋಣಿಯೊಂದನ್ನು ತಾವೇ ನಡೆಸಿಕೊಂಡು ಏಳು ದಿನ ತಿರುಗಾಡುವುದೆಂದು ನಿಶ್ಚಯಿಸಿದ್ದಾರೆ. ಒಬ್ಬರು ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇನ್ನೊಬ್ಬರು ವಾಶಿಯ ಕಛೇರಿಯಲ್ಲಿ ಗುಮಾಸ್ತರು. ಮೂರನೆಯವರು ಕಲ್ಯಾಣದ ನಿವೃತ್ತ ಮೇಷ್ಟ್ರು. ನಾಲ್ಕನೆಯವರು ಥಾಣೆಯ ಹೋಟೆಲಿನಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತ ಭಟ್ಟರು. ಮೇಷ್ಟ್ರ ಮಗ ಆ ದೇಶದಲ್ಲಿ ಕೆಲಸದಲ್ಲಿದ್ದಾನೆ. ಹೋಗಿಬರುವ ಖರ್ಚಿಗಾಗಿ ನಾಲ್ವರೂ ಐದು ವರ್ಷ ತಿಂಗಳು ತಿಂಗಳೂ ಹಣ ಕೂಡಿಟ್ಟಿದ್ದಾರೆ.

ಎಲ್ಲವೂ ನಿಶ್ಚಯವಾದ ಮೇಲೆ ಒಂದು ಸಂಜೆ ಭಟ್ಟರು ಮೆಲ್ಲನೆ ಹೇಳಿದರು: “ಮಾರಾಯರೇ, ನನಗೆ ಈಜು ಬಾರದು. ನಿಮ್ಮ ಮೂವರಿಗೂ ನಾನು ಹೊರೆಯಾಗುವುದು ಬೇಡ. ನನ್ನ ಪಾಲಿನ ಹಣವನ್ನೂ ನೀವೇ ಇಟ್ಟುಕೊಂಡು ಹೋಗಿಬನ್ನಿ.”

ಯಾರೂ ಮಾತನಾಡಲಿಲ್ಲ. ಕಡೆಗೆ ಮೇಷ್ಟ್ರು, “ಭಟ್ಟರೇ, ಈಜು ಬರುವ ನಮಗಾದರೂ ದೋಣಿ ನಡೆಸಲು ಬರುತ್ತದೆಯೇ? ಮೊದಲು ನಾಲ್ವರೂ ಕಲಿಯೋಣ, ಹೋಗುವವರು ಯಾರೆಂಬುದನ್ನು ಆಮೇಲೆ ನೋಡೋಣ” ಎಂದರು. ಅಂದಿನಿಂದ ಪ್ರತಿ ಭಾನುವಾರ ವಾಚನಾಲಯದಲ್ಲಿ ಪಾಠ ನಡೆಯಿತು. ಅದರ ಸಾರವನ್ನು ಇಲ್ಲಿ ಕೊಟ್ಟಿದೆ. ವಿದೇಶಕ್ಕೆ ಹೋಗದವರಿಗೂ ಇದು ಪ್ರಯೋಜನಕ್ಕೆ ಬಂದೀತು.

1. ಈ ಕಾಲುವೆಗಳು ಹುಟ್ಟಿದ ಬಗೆ

ಇಂಗ್ಲೆಂಡಿನ ಕಾಲುವೆಗಳನ್ನು ತೋಡಿದ್ದು ವಿಹಾರಕ್ಕಲ್ಲ, ಕಲ್ಲಿದ್ದಲಿಗೆ. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದು ವರ್ಸ್ಲಿಯ ಗಣಿಯ ಕಲ್ಲಿದ್ದಲು ಮ್ಯಾಂಚೆಸ್ಟರಿಗೆ ದೋಣಿಯಲ್ಲಿ ಬರತೊಡಗಿದಾಗ ಅಲ್ಲಿ ಅದರ ಬೆಲೆ ಅರ್ಧಕ್ಕೆ ಇಳಿಯಿತು. ದಂಡೆಯ ಮೇಲೆ ನಡೆಯುವ ಒಂದೇ ಕುದುರೆ ಹತ್ತಾರು ಟನ್ ಸರಕಿನ ದೋಣಿಯನ್ನು ಎಳೆಯಬಲ್ಲುದು. ಇದನ್ನು ಕಂಡು ದೇಶದ ತುಂಬ ಕಾಲುವೆಗಳಾದವು. ಅವನ್ನು ಗುದ್ದಲಿಯಿಂದ ಅಗೆದವರು ಊರೂರು ಅಲೆದು ದುಡಿದ ಕೂಲಿಗಳು. ‘ನ್ಯಾವಿಗೇಶನ್’ ಎಂಬ ಮಾತಿನಿಂದ ಅವರಿಗೆ ‘ನ್ಯಾವಿ’ ಎಂಬ ಹೆಸರು ಬಂತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರು ನೆನೆಯತಕ್ಕ ಸಂಗತಿ ಇದು.

ರೈಲು ಬಂದ ಮೇಲೆ ಕಾಲುವೆಗಳು ಬಡವಾದವು. 1948ರಲ್ಲಿ ಹೆಚ್ಚಿನವು ಸರ್ಕಾರದ ಕೈಗೆ ಬಂದವು. ಅದಕ್ಕೆ ಮುಂಚೆಯೇ, 1946ರಲ್ಲಿ, ಅವನ್ನು ಉಳಿಸಲು ಜನರು ಸಂಘ ಕಟ್ಟಿದ್ದರು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2,000 ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಸಂಸ್ಥೆ ನೋಡಿಕೊಳ್ಳುತ್ತಿದೆ.

ನಮ್ಮಲ್ಲಿಯೂ ಇಂಥ ಯತ್ನಗಳು ನಡೆದುವು. ತುಂಗಭದ್ರೆಯ ನೀರನ್ನು ಸುಂಕೇಸುಲದಿಂದ ಒಯ್ಯುವ ಕರ್ನೂಲು–ಕಡಪ ಕಾಲುವೆಯನ್ನು 1860ರ ದಶಕದಲ್ಲಿ ತೋಡಿದಾಗ ನೀರಾವರಿಯ ಜೊತೆಗೆ ದೋಣಿ ಸಂಚಾರವೂ ಅದರ ಉದ್ದೇಶವಾಗಿತ್ತು. ನಮ್ಮ ಬಾಗಿಲಲ್ಲೇ ಇರುವ ಉಲ್ಹಾಸ್ ನದಿ, ವಸಯಿ ಖಾಡಿ, ಥಾಣೆ ಖಾಡಿಗಳ ಕಲ್ಯಾಣ–ಥಾಣೆ–ಮುಂಬಯಿ ದಾರಿಯನ್ನು 2016ರ ಕಾನೂನು 53ನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದೆ. ಆದರೆ ಖಾಡಿಗೂ ಕಾಲುವೆಗೂ ಒಂದು ಮುಖ್ಯ ಭೇದವುಂಟು. ಖಾಡಿಯ ನೀರು ಭರತ ಇಳಿತಗಳಿಗೆ ತಕ್ಕಂತೆ ದಿನವೂ ಏರಿ ಇಳಿಯುತ್ತದೆ. ಕಾಲುವೆಯ ನೀರು ಕೆರೆಯ ನೀರಿನಂತೆ ನಿಂತಿರುತ್ತದೆ. ಹಾಗಾದರೆ ನಿಂತ ನೀರಿನಲ್ಲಿ ದೋಣಿ ಗುಡ್ಡ ಹತ್ತುವುದು ಹೇಗೆ?

2. ಲಾಕ್ ಎಂಬ ನೀರಿನ ಕೋಣೆ

ಇದಕ್ಕೆ ಉತ್ತರವೇ ಲಾಕ್. ಹಿಂದೊಂದು ಮುಂದೊಂದು ಬಾಗಿಲಿರುವ ಕಲ್ಲಿನ ಕೋಣೆಯನ್ನು ಊಹಿಸಿಕೊಳ್ಳಿರಿ. ಒಂದು ಬಾಗಿಲು ಮೇಲಿನ ಕಾಲುವೆಗೆ, ಇನ್ನೊಂದು ಕೆಳಗಿನ ಕಾಲುವೆಗೆ. ಬಾಗಿಲ ಬಳಿ, ನಮ್ಮ ಕೆರೆಗಳಲ್ಲಿ ಇರುವಂತೆಯೇ, ತೂಬುಗಳುಂಟು. ದೋಣಿ ಮೇಲಕ್ಕೆ ಹೋಗಬೇಕಾದರೆ ಕೆಳಬಾಗಿಲಿನಿಂದ ಒಳಗೆ ಬಂದು, ಆ ಬಾಗಿಲನ್ನೂ ಅದರ ತೂಬನ್ನೂ ಮುಚ್ಚಿ, ಮೇಲಿನ ತೂಬನ್ನು ಮೆಲ್ಲಗೆ ಎತ್ತಬೇಕು. ನೀರು ತುಂಬಿ ದೋಣಿಯನ್ನು ತಾನೇ ಎತ್ತುತ್ತದೆ. ಒಳಗಿನ ನೀರೂ ಮೇಲಿನ ನೀರೂ ಸಮವಾದಾಗ ಮೇಲ್ಬಾಗಿಲು ತೆರೆಯುತ್ತದೆ. ಇಳಿಯುವಾಗ ಇದೇ ಕ್ರಮ ತಿರುಗುಮುರುಗು.

ಸಮವಾಗುವ ಮುಂಚೆ ಬಾಗಿಲು ಏಕೆ ತೆರೆಯದು? ಬಾಗಿಲು 2 ಮೀಟರ್ ಅಗಲ, ಅದಕ್ಕೆ ತಾಗಿದ ನೀರು 1.5 ಮೀಟರ್ ಆಳ ಎನ್ನಿ. ಎರಡೂ ಕಡೆಯ ನೀರಿಗೆ ಕೇವಲ 10 ಸೆಂಟಿಮೀಟರ್ ಅಂತರವಿದ್ದರೂ ಸುಮಾರು 300 ಕಿಲೋ ಭಾರ ಬಾಗಿಲನ್ನು ಒತ್ತಿ ಹಿಡಿದಿರುತ್ತದೆ. ಅಲ್ಲಿ ಬಲ ಪ್ರಯೋಗಿಸುವುದು ದಡ್ಡತನ, ಕಾಯುವುದೇ ಜಾಣತನ.

ಒಂದು ಸಲ ಲಾಕ್ ತುಂಬಲು ಎಷ್ಟು ನೀರು ಬೇಕು? ಕಿರಿದಾದ ಲಾಕ್ ಸುಮಾರು 22 ಮೀಟರ್ ಉದ್ದ, 2.2 ಮೀಟರ್ ಅಗಲ, ಏರಿಳಿತ 2.5 ಮೀಟರ್ ಎಂದು ಹಿಡಿದರೆ ಗುಣಾಕಾರದಿಂದ 121 ಘನ ಮೀಟರ್, ಅಂದರೆ 1,21,000 ಲೀಟರ್. ನಮ್ಮ ಗಲ್ಲಿಗೆ ಬರುವ 10,000 ಲೀಟರಿನ ಟ್ಯಾಂಕರುಗಳಲ್ಲಿ ಹನ್ನೆರಡು! ಎದುರಿನಿಂದ ದೋಣಿ ಬರುತ್ತಿದ್ದು ಲಾಕ್ ಅವರಿಗೆ ಅನುಕೂಲವಾಗಿದ್ದರೆ ಅವರನ್ನು ಮೊದಲು ಬಿಡುವುದು ಇದಕ್ಕಾಗಿಯೇ. ಬೇಸಗೆಯಲ್ಲಿ ಕೊಡ ಹಿಡಿದು ಕಾದವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

3. ಹೊಸ್ತಿಲಿನ ಅಪಾಯ

ಮೇಲ್ಬಾಗಿಲಿನ ಕೆಳಗೆ ಕಲ್ಲಿನ ಹೊಸ್ತಿಲೊಂದು ಲಾಕಿನ ಒಳಕ್ಕೆ ಚಾಚಿಕೊಂಡಿರುತ್ತದೆ. ನೀರು ತುಂಬಿರುವಾಗ ಅದು ಕಾಣದು. ಇಳಿಯುವಾಗ ದೋಣಿಯ ಹಿಂಭಾಗ ಆ ಹೊಸ್ತಿಲ ಮೇಲೆ ಕುಳಿತರೆ, ನೀರು ಇಳಿದಂತೆ ಮುಂಭಾಗ ಮಾತ್ರ ಕೆಳಗಿಳಿದು ದೋಣಿ ಮುಗ್ಗರಿಸಿ ಮುಳುಗಬಹುದು. ಅದಕ್ಕಾಗಿ ಹೊಸ್ತಿಲು ಎಲ್ಲಿಯವರೆಗೆ ಇದೆಯೆಂದು ದಂಡೆಯ ಮೇಲೆ ಬಿಳಿಯ ಗೆರೆಯಿಂದ ಗುರುತು ಮಾಡಿರುತ್ತಾರೆ. ಇಳಿಯುವಾಗ ದೋಣಿಯ ಹಿಂಭಾಗ ಸದಾ ಆ ಗೆರೆಯ ಮುಂದೆ ಇರತಕ್ಕದ್ದು. ಇಳಿಯುವ ದೋಣಿಯ ಹಗ್ಗವನ್ನು ಬಿಗಿದು ಕಟ್ಟಲೂ ಕೂಡದು. ಕಟ್ಟಿದರೆ ದೋಣಿ ಹಗ್ಗದಲ್ಲಿ ನೇತಾಡೀತು.

ಅಕಸ್ಮಾತ್ ಸಿಕ್ಕಿಕೊಂಡಿತೆನ್ನಿ. ಆಗ ಮೊದಲು ಕೆಳಗಿನ ತೂಬುಗಳನ್ನು ಮುಚ್ಚಿ ನೀರು ಇಳಿಯುವುದನ್ನು ನಿಲ್ಲಿಸಬೇಕು; ಬಳಿಕ ಮೇಲಿನ ತೂಬನ್ನು ನಿಧಾನವಾಗಿ ತೆರೆದು ದೋಣಿಯನ್ನು ತೇಲಿಸಬೇಕು. ಇದನ್ನು ಗಮನಿಸಲು ಒಬ್ಬರು ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ ನಿಂತಿರಬೇಕು.

ತೂಬನ್ನು ಎತ್ತುವುದು ಎಲ್ ಆಕಾರದ ಕಬ್ಬಿಣದ ಹಿಡಿಕೆಯಿಂದ. ಅದನ್ನು ಹಲ್ಲುಗಾಲಿಯ ತುದಿಯಲ್ಲಿ ಬಿಟ್ಟು ಹೋದರೆ ತೂಬು ಜಾರಿದಾಗ ಗಿರ್ರನೆ ತಿರುಗಿ ಕೈ ಮುರಿದೀತು. ನಮ್ಮ ಫಿಟ್ಟರ್ ಮಹಾಶಯರು ಇದನ್ನು ಕೇಳಿ, “ಯಂತ್ರ ಯಾವ ದೇಶದ್ದಾದರೂ ಬುದ್ಧಿ ಒಂದೇ” ಎಂದರು.

4. ಚುಕ್ಕಾಣಿಯ ಪಾಠ

ಈ ದೋಣಿಗಳು ಸುಮಾರು 7 ಅಡಿ ಅಗಲ, 70 ಅಡಿಯವರೆಗೂ ಉದ್ದ. ತೂಕ 15 ಟನ್ ದಾಟುವುದುಂಟು. ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಬಿರುಸಾಗಿ ನಡೆಯುವಷ್ಟು. ಅಲ್ಲಿಯ ಕಾಲುವೆಗಳಲ್ಲಿ ರಜೆಗೆ ದೋಣಿ ಹಿಡಿಯುವವರಿಗೆ ಚಾಲಕ ಪರವಾನಗಿ ಬೇಕಿಲ್ಲ. ಹೊರಡುವ ಮುನ್ನ ಬಾಡಿಗೆಯವರೇ ತೋರಿಸಿಕೊಡುತ್ತಾರೆ. ಆದರೂ ಮೂರು ಸಂಗತಿಗಳನ್ನು ಮೊದಲೇ ಬಾಯಿಪಾಠ ಮಾಡಿರಬೇಕು.

ಒಂದು: ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಎರಡು: ರಸ್ತೆಯಲ್ಲಿ ನಾವು ಎಡಕ್ಕೆ ಹೋಗುವವರು, ನೀರಿನಲ್ಲಿ ಬಲಕ್ಕೆ ಹೋಗಬೇಕು. ಮೂರು: ದೋಣಿಗೆ ಬ್ರೇಕ್ ಇಲ್ಲ, ನಿಲ್ಲಿಸಲು ಯಂತ್ರವನ್ನು ಹಿಮ್ಮುಖ ತಿರುಗಿಸಬೇಕು, ಅದಕ್ಕೂ ಸಮಯ ಹಿಡಿಯುತ್ತದೆ. ಡಿಕ್ಕಿಯಾಗುವಂತಿದ್ದರೆ ಕೈಕಾಲು ಅಡ್ಡ ಕೊಡಬಾರದು. ದೋಣಿಗೆ ಗೀರು ಬಿದ್ದರೆ ಬಣ್ಣ ಹಚ್ಚಬಹುದು, ಜಜ್ಜಿದ ಕಾಲಿಗೆ ಬಣ್ಣ ಹಚ್ಚಿ ಫಲವಿಲ್ಲ.

ದಿನದ ಪ್ರಯಾಣದ ಲೆಕ್ಕ ಸುಲಭ. ಮೈಲಿಗಳನ್ನೂ ಲಾಕುಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಬೇಕಾಗುವ ಗಂಟೆಗಳು ಸಿಕ್ಕುತ್ತವೆ. 12 ಮೈಲಿ, 9 ಲಾಕ್ ಇದ್ದರೆ 7 ಗಂಟೆ. ನಮ್ಮ ಗುಮಾಸ್ತರು ಮೊದಲು ಬರೆದ ಯೋಜನೆ ದಿನಕ್ಕೆ 11 ಗಂಟೆ ತಗಲುವಂಥದು! ಕೆನೆಟ್ ಅಂಡ್ ಏವನ್ ಕಾಲುವೆಯ ಕೇನ್ ಹಿಲ್ ಎಂಬಲ್ಲಿ ಎರಡು ಮೈಲಿಯಲ್ಲಿ 29 ಲಾಕುಗಳಿವೆ. ಅಷ್ಟಕ್ಕೇ ಒಂದು ದಿನ ಬೇಕು. ಲೋಕಲ್ ಹಿಡಿಯಲು ಓಡಿ ಓಡಿ ನಮಗೆ ಅವಸರ ರಕ್ತಕ್ಕೆ ಇಳಿದಿದೆ. ರಜೆಯಲ್ಲಾದರೂ ಅದನ್ನು ಪ್ಲಾಟ್‌ಫಾರ್ಮಿನಲ್ಲಿ ಬಿಟ್ಟು ಹೋಗುವುದು ಲೇಸು.

5. ಜೀವರಕ್ಷಣೆ

ಕಾಲುವೆ ಬಹಳ ಕಡೆ ನಾಲ್ಕು ಅಡಿಯಷ್ಟೇ ಆಳ. ಬಿದ್ದವನು ಗಾಬರಿಯಾಗದೆ ಎದ್ದು ನಿಲ್ಲಬಹುದು. ಆದರೆ ಲಾಕಿನೊಳಗೆ ಆಳ ಹೆಚ್ಚು, ನೀರು ತಣ್ಣಗೆ. ಯಾರಾದರೂ ಬಿದ್ದರೆ ಮೊದಲ ಕೆಲಸ ಯಂತ್ರದ ಗೇರ್ ತೆಗೆದು ಹಿಂದಿನ ಪಂಖ ನಿಲ್ಲಿಸುವುದು. ಎರಡನೆಯದು ಹಗ್ಗ ಅಥವಾ ತೇಲುವ ಬಳೆ ಎಸೆಯುವುದು. ಇನ್ನೊಬ್ಬರು ಹಿಂದೆಯೇ ಧುಮುಕಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ತೇಲುವ ಜಾಕೆಟ್ ತೊಡಲು ನಾಚಬಾರದು. ಈಜು ಬಲ್ಲವನೂ ಲಾಕಿನ ಬಳಿ ತೊಡತಕ್ಕದ್ದು.

ಕಾಲುವೆಯ ನೀರಿನಲ್ಲಿ ಇಲಿಜ್ವರದ ಭಯವುಂಟು. ಮಳೆಗಾಲದಲ್ಲಿ ನಿಂತ ನೀರು ತುಳಿಯುವ ಮುಂಬಯಿಗರಿಗೆ ಅದು ಹೊಸ ಹೆಸರಲ್ಲ. ಗಾಯವನ್ನು ಮುಚ್ಚಿಕೊಳ್ಳಬೇಕು, ಉಣ್ಣುವ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ದೋಣಿಯೊಳಗೆ ಗ್ಯಾಸಿನ ಒಲೆ ಉರಿಯುವಾಗ ಗಾಳಿಕಿಂಡಿಗಳನ್ನು ಮುಚ್ಚಬಾರದು. ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

6. ಹಣ ಮತ್ತು ಕಾಗದಪತ್ರ

ಪಾಸ್‌ಪೋರ್ಟಿನ ಅವಧಿಯನ್ನು ಮೊದಲು ನೋಡಿಕೊಳ್ಳಿರಿ. ಬ್ರಿಟನ್ನಿಗೆ ಸಂದರ್ಶಕರ ವೀಸಾ ಬೇಕು. ಅದು ಫ್ರಾನ್ಸಿಗೆ ನಡೆಯದು, ಅಲ್ಲಿಗೆ ಷೆಂಗೆನ್ ವೀಸಾ ಬೇರೆ. ವೀಸಾ ಕೈಸೇರುವ ಮುನ್ನ ಹಿಂದಿರುಗಿ ಬಾರದಂಥ ಹಣ ಕಟ್ಟಬೇಡಿ. ವಿಮೆಯ ಪತ್ರದಲ್ಲಿ ಆಸ್ಪತ್ರೆಯ ಖರ್ಚೂ ದೋಣಿ ನಡೆಸುವುದೂ ಸೇರಿವೆಯೇ ಎಂದು ಓದಿ ನೋಡಿರಿ. ಠೇವಣಿ ಎಷ್ಟು, ಯಾವ ಹಾನಿಗೆ ಅದನ್ನು ಹಿಡಿಯುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿರಿ.

7. ಕೊನೆಗೆ ಆದದ್ದು

ನಾಲ್ವರೂ ಅಂಗಳದಲ್ಲಿ ಸೀಮೆಸುಣ್ಣದಿಂದ 60 ಅಡಿಯ ದೋಣಿಯನ್ನೂ ಅದರ ಸುತ್ತ ಲಾಕನ್ನೂ ಬರೆದು ಅಭ್ಯಾಸ ಮಾಡಿದರು. ಹಗ್ಗದ ಗಂಟುಗಳನ್ನು ವಾಚನಾಲಯದ ಕಿಟಕಿಯ ಸರಳಿಗೆ ಕಟ್ಟಿ ಬಿಚ್ಚಿ ಕಲಿತರು. ಐರೋಲಿಯಿಂದ ರಾಜಹಂಸಗಳನ್ನು ನೋಡಲು ಹೊರಡುವ ದೋಣಿಯಲ್ಲಿ ಕುಳಿತು, ತಲೆ ತಿರುಗುವುದೇ ಎಂದು ಪರೀಕ್ಷಿಸಿಕೊಂಡರು. ಅಂಗಳದ ಅಭ್ಯಾಸದಲ್ಲಿ ಗುಮಾಸ್ತರು ಎರಡು ಸಲ ಹೊಸ್ತಿಲ ಗೆರೆಯನ್ನು ಮರೆತರು. ಎರಡು ಸಲವೂ “ನಿಲ್ಲಿಸಿ!” ಎಂದು ಕೂಗಿದವರು ಭಟ್ಟರು. ಮೂವತ್ತು ವರ್ಷ ಒಂದೇ ಕಾಲಕ್ಕೆ ನಾಲ್ಕು ಒಲೆಗಳ ಮೇಲೆ ಕಣ್ಣಿಟ್ಟವರಿಗೆ ಒಂದು ಬಿಳಿಯ ಗೆರೆ ತಪ್ಪೀತೇ?

ಅಂದೇ ತೀರ್ಮಾನವಾಯಿತು. ಲಾಕಿನಲ್ಲಿ ಹೊಸ್ತಿಲು ಕಾಯುವ ಕೆಲಸ ಭಟ್ಟರದು. ಅವರು ‘ನಿಲ್ಲಿಸಿ’ ಎಂದರೆ ಮಿಕ್ಕ ಮೂವರೂ ಕಾರಣ ಕೇಳದೆ ನಿಲ್ಲಿಸತಕ್ಕದ್ದು. ಭಟ್ಟರು ಈಗ ಬೆಳಗಿನ ಹೊತ್ತು ಈಜುಕೊಳಕ್ಕೂ ಹೋಗುತ್ತಿದ್ದಾರೆ. ಐವತ್ತೆಂಟನೆಯ ವಯಸ್ಸಿನಲ್ಲಿ ಕೊಳದ ಅಂಚು ಬಿಟ್ಟು ಹತ್ತು ಮಾರು ತೇಲಿದ ದಿನ, ವಾಚನಾಲಯದವರಿಗೆಲ್ಲ ಅವರೇ ಕಾಫಿ ಮಾಡಿ ಕೊಟ್ಟರು.

ಅಭ್ಯಾಸಕ್ಕೆ ಪ್ರಶ್ನೆಗಳು

1. 10 ಮೈಲಿ, 14 ಲಾಕುಗಳ ದಾರಿಗೆ ಎಷ್ಟು ಗಂಟೆ ಬೇಕು?
2. ನೀರು ಸಮವಾಗುವ ಮುನ್ನ ಲಾಕಿನ ಬಾಗಿಲು ಏಕೆ ತೆರೆಯದು?
3. ಇಳಿಯುವಾಗ ದೋಣಿಯ ಹಿಂಭಾಗ ಹೊಸ್ತಿಲಿಗೆ ಸಿಕ್ಕಿಕೊಂಡರೆ ಮೊದಲು ಯಾವ ತೂಬನ್ನು ಮುಟ್ಟಬೇಕು?
4. ನಿಮ್ಮ ಗೆಳೆಯರ ಕೂಟದಲ್ಲಿ ‘ನಾನು ಹೊರೆ’ ಎಂದುಕೊಂಡು ಹಿಂದೆ ಸರಿದವರು ಯಾರಾದರೂ ಇದ್ದಾರೆಯೇ? ಅವರಿಗೆ ಒಪ್ಪುವ ಕೆಲಸ ಯಾವುದು?